ಹಡಗಿನ ತಳದ ವಿಷ, ಕೂಲಿಯವನ ಉಸಿರು

ಸಮುದ್ರಕ್ಕಿಳಿದ ಯಾವ ಹಡಗೂ ಒಂಟಿಯಾಗಿ ಪ್ರಯಾಣ ಮಾಡುವುದಿಲ್ಲ. ನೀರಿಗೆ ಬಿಟ್ಟ ಕೆಲವೇ ವಾರಗಳಲ್ಲಿ ಅದರ ತಳಕ್ಕೆ ಪಾಚಿ ಹಿಡಿಯುತ್ತದೆ. ಹಿಂದೆಯೇ ಗಟ್ಟಿ ಚಿಪ್ಪಿನ ಸಣ್ಣ ಜೀವಿಗಳು ಬಂದು ಅಂಟಿಕೊಳ್ಳುತ್ತವೆ. ಮರದ ಹಡಗಾದರೆ ಕೊರೆಯುವ ಹುಳು ಹಲಗೆಯೊಳಗೇ ಮನೆ ಮಾಡುತ್ತದೆ. ಈ ಕರೆಯದ ಅತಿಥಿಗಳನ್ನು ದೂರವಿಡಲು ಮನುಷ್ಯ ಹೂಡಿದ ಉಪಾಯಗಳ ಚರಿತ್ರೆ ಬಹಳ ಹಳೆಯದು. ಆದರೆ ಅದನ್ನು ಸಾಮಾನ್ಯವಾಗಿ ಹಡಗಿನ ಒಡೆಯರ ಕಡೆಯಿಂದಲೇ ಬರೆಯಲಾಗಿದೆ. ದಡಕ್ಕೆಳೆದ ಹಾಯಿದೋಣಿಯ ಅಡಿಯಲ್ಲಿ ಅಂಗಾತ ಮಲಗಿ, ಮುಖದ ಮೇಲೆ ಉದುರುವ ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವವನ ಕಡೆಯಿಂದ ನೋಡಿದರೆ ಅದೇ ಚರಿತ್ರೆ ಬೇರೆಯಾಗಿ ಕಾಣುತ್ತದೆ.

ಸ್ಪೇನಿನಿಂದ 1183ರಲ್ಲಿ ಹಜ್‌ಗೆ ಹೊರಟ ಇಬ್ನ್ ಜುಬೈರ್, ಕೆಂಪು ಸಮುದ್ರದ ಐದಾಬ್ ಬಂದರಿನಲ್ಲಿ ಕಂಡ ಹಡಗುಗಳ ಬಗ್ಗೆ ಬರೆದಿದ್ದಾನೆ. ಅವುಗಳಿಗೆ ಮೊಳೆ ಇರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮರ ಬಂದದ್ದು ಹಿಂದೂಸ್ಥಾನ ಮತ್ತು ಯಮನ್‌ನಿಂದ. ಕಟ್ಟಿದ ಮೇಲೆ ತುಪ್ಪ, ಹರಳೆಣ್ಣೆ ಅಥವಾ ಶಾರ್ಕ್ ಮೀನಿನ ಎಣ್ಣೆ ಬಳಿಯುತ್ತಿದ್ದರು. ಇವುಗಳಲ್ಲಿ ಶಾರ್ಕ್ ಎಣ್ಣೆಯೇ ಉತ್ತಮ ಎನ್ನುತ್ತಾನೆ ಆತ. ಅರಬ್ಬಿ ಸಮುದ್ರದ ನಮ್ಮ ದಂಡೆಯಲ್ಲೂ ಮರದ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇತ್ತು. ಗೇರೆಣ್ಣೆ ಕೈ ಸುಡುತ್ತದೆ, ಮೀನೆಣ್ಣೆ ನಾರುತ್ತದೆ. ಹಳೆಯದೆಲ್ಲ ಸುಖವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಎಣ್ಣೆಗಳಲ್ಲಿ ಗಾಳಿಗೆ ಹಾರಿ ಎದೆಗಿಳಿಯುವ ಲೋಹದ ಪುಡಿ ಇರಲಿಲ್ಲ.

ಲೋಹ ಬಂದದ್ದು ಸಾಮ್ರಾಜ್ಯಗಳ ಜೊತೆ. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊಡೆಸಿ ವೆಸ್ಟ್ ಇಂಡೀಸ್ ಕಡೆಗೆ ಕಳಿಸಿತು. ಎರಡು ವರ್ಷದ ನಂತರ ನೋಡಿದರೆ ಹುಳು ಸುಳಿದಿರಲಿಲ್ಲ. ಆದರೆ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಮುಂದೆ 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ, ತಗಡಿಗೆ ಕಬ್ಬಿಣ ಅಥವಾ ಸತುವಿನ ತುಂಡು ಜೋಡಿಸಿ ತಾಮ್ರ ಸವೆಯದಂತೆ ಮಾಡಿದ. ತಾಮ್ರವೇನೋ ಉಳಿಯಿತು, ಆದರೆ ಪಾಚಿ ಮತ್ತು ಚಿಪ್ಪು ಮರಳಿ ಬಂದವು! ಆಗ ಒಂದು ಸತ್ಯ ತಿಳಿಯಿತು: ತಾಮ್ರ ಕರಗುತ್ತಾ ನೀರಿಗೆ ವಿಷ ಬಿಡುತ್ತಿದ್ದರೆ ಮಾತ್ರ ತಳ ಶುದ್ಧವಾಗಿರುತ್ತದೆ.

ಕಬ್ಬಿಣದ ಹಡಗುಗಳು ಬಂದಾಗ ಅವುಗಳ ಮೇಲೆ ನೇರವಾಗಿ ತಾಮ್ರ ಹೊಡೆಯುವಂತಿರಲಿಲ್ಲ, ಕಬ್ಬಿಣವೇ ತುಕ್ಕಾಗುತ್ತಿತ್ತು. ಹಾಗಾಗಿ ವಿಷವನ್ನು ಬಣ್ಣದಲ್ಲಿ ಕಲಸಲಾಯಿತು. ತಾಮ್ರದ ಆಕ್ಸೈಡ್, ಪಾದರಸ, ಆರ್ಸೆನಿಕ್ ಎಲ್ಲವೂ ಡಬ್ಬಿ ಸೇರಿದವು. ಬಣ್ಣ ಸವೆದಾಗ ಹಳೆಯದನ್ನು ಕೆರೆದು ಹೊಸದು ಬಳಿಯಬೇಕು. ತಗಡಿನಲ್ಲಿದ್ದ ವಿಷ ಹೀಗೆ ಧೂಳಾಯಿತು. ಚಿಪ್ಪುಜೀವಿಯನ್ನು ಕೊಲ್ಲಲು ಇಟ್ಟದ್ದು ಕೆರೆಯುವವನ ಮೂಗಿಗೆ ಬಂತು.

1960ರ ದಶಕದಲ್ಲಿ ತವರದ ಒಂದು ಸಂಯುಕ್ತ ಈ ಬಣ್ಣಗಳಿಗೆ ಸೇರಿತು. ಅದರ ಹೆಸರು ಟ್ರೈಬ್ಯೂಟೈಲ್ ಟಿನ್. ತಾಮ್ರಕ್ಕಿಂತ ಎಷ್ಟೋ ಪಾಲು ತೀಕ್ಷ್ಣ. ಹಡಗಿನ ಕಂಪನಿಗಳಿಗೆ ಇಂಧನ ಉಳಿಯಿತು, ವಿಹಾರದ ಹಾಯಿದೋಣಿಗಳ ಒಡೆಯರಿಗೂ ಖುಷಿಯಾಯಿತು. ಆದರೆ 1970ರ ದಶಕದ ಕೊನೆಯ ಹೊತ್ತಿಗೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿಗಳು ಮರಿ ಹಾಕುವುದೇ ನಿಂತಿತು, ಚಿಪ್ಪುಗಳು ವಿಕಾರವಾಗಿ ದಪ್ಪಗಾದವು. ಇಂಗ್ಲೆಂಡಿನ ಕರಾವಳಿಯಲ್ಲಿ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಯತೊಡಗಿತು. 1982ರಲ್ಲಿ ಫ್ರಾನ್ಸ್, 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿತು. 1987ರಲ್ಲಿ ಬ್ರಿಟನ್ ಅದೇ ದಾರಿ ಹಿಡಿಯಿತು. 2001ರಲ್ಲಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಒಪ್ಪಂದವೊಂದನ್ನು ಅಂಗೀಕರಿಸಿತು. ಅದು 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು.

ಇದು ಒಳ್ಳೆಯ ಸುದ್ದಿಯೇ. ಆದರೂ ನನಗೆ ಒಂದು ಪ್ರಶ್ನೆ. ಫ್ರಾನ್ಸಿನಲ್ಲಿ ಕಾನೂನನ್ನು ಎಬ್ಬಿಸಿದ್ದು ಸಿಂಪಿಯ ವ್ಯಾಪಾರಕ್ಕೆ ಬಿದ್ದ ಪೆಟ್ಟು. ಉಜ್ಜುವವನ ಶ್ವಾಸಕೋಶದ ಮಾತೇನು? ಅದು ಯಾರಿಗೂ ಗೊತ್ತಿರಲಿಲ್ಲವೆ?

ಗೊತ್ತಿತ್ತು. 1700ರಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ ದುಡಿಯುವವರ ಕಾಯಿಲೆಗಳ ಬಗ್ಗೆ ಒಂದು ಗ್ರಂಥ ಬರೆದ. ಬಣ್ಣದವರ ರೋಗಕ್ಕೆ ಅವರ ಬಣ್ಣದಲ್ಲಿರುವ ಸೀಸ, ಪಾದರಸಗಳೇ ಕಾರಣವೆಂದ. ರೋಗಿಯನ್ನು ಕಂಡಾಗ ನಿನ್ನ ಕಸುಬೇನು ಎಂದು ಕೇಳಬೇಕೆಂದು ವೈದ್ಯರಿಗೆ ಕಲಿಸಿದವನು ಆತ. 1921ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೀಸದ ಬಿಳಿ ಬಣ್ಣದ ಬಗ್ಗೆ ಒಪ್ಪಂದ ಮಾಡಿದಾಗ, ಒಣಗಿದ ಬಣ್ಣವನ್ನು ಉಜ್ಜುವ, ಕೆರೆಯುವ ಧೂಳಿನಿಂದ ಕೆಲಸಗಾರರನ್ನು ಸಾಧ್ಯವಾದಲ್ಲೆಲ್ಲ ಕಾಪಾಡಬೇಕೆಂಬ ಮಾತನ್ನೂ ಸೇರಿಸಿತು.

ಸ್ವಾರಸ್ಯವೆಂದರೆ ಅದೇ 1921ರಲ್ಲಿ ಅಮೆರಿಕದ 3ಎಂ ಕಂಪನಿ, ಫ್ರಾನ್ಸಿಸ್ ಓಕಿ ಎಂಬಾತ ಕಂಡುಹಿಡಿದ, ನೀರಿನಲ್ಲಿ ನೆನೆಸಿದರೂ ಹರಿಯದ ಸ್ಯಾಂಡ್ ಪೇಪರನ್ನು ಮಾರುಕಟ್ಟೆಗೆ ತಂದಿತು. ಕಾರಿಗೆ ಬಣ್ಣ ಹೊಡೆಯುವವರು ಅದನ್ನು ಕೂಡಲೇ ಒಪ್ಪಿಕೊಂಡರು. ನಮ್ಮ ಗ್ಯಾರೇಜುಗಳಲ್ಲಿ 'ವಾಟರ್ ಪೇಪರ್' ಎನ್ನುವುದು ಇದನ್ನೇ. ನೀರು ಹಾಕಿ ಉಜ್ಜಿದರೆ ಧೂಳು ಹಾರುವುದಿಲ್ಲ, ಕೆಸರಾಗಿ ಕೆಳಗಿಳಿಯುತ್ತದೆ. ಇಷ್ಟು ಸರಳ, ಇಷ್ಟು ಅಗ್ಗದ ಉಪಾಯ!

ತವರದ ಬಣ್ಣ ನಿಂತರೂ ತಾಮ್ರದ ಬಣ್ಣ ಇಂದಿಗೂ ಇದೆ. ಕೆಲವು ಡಬ್ಬಿಗಳಲ್ಲಿ ತೂಕದ ಅರ್ಧದಷ್ಟು ತಾಮ್ರದ ಆಕ್ಸೈಡೇ ಇರುತ್ತದೆ. ಹಳೆಯ ದೋಣಿಯಾದರೆ ಅಡಿಯ ಪದರಗಳಲ್ಲಿ ಸೀಸ, ತವರ ಕೂಡ ಉಳಿದಿರಬಹುದು. ಅಮೆರಿಕದ ಕಾನೂನು ಕೆಲಸದ ಜಾಗದ ಒಂದು ಘನ ಮೀಟರ್ ಗಾಳಿಯಲ್ಲಿ ಒಂದು ಮಿಲಿಗ್ರಾಮಿಗಿಂತ ಹೆಚ್ಚು ತಾಮ್ರದ ಧೂಳು ಇರಬಾರದೆನ್ನುತ್ತದೆ. ಅಲ್ಲಿನ ಹಲವು ದೋಣಿ ಯಾರ್ಡ್‌ಗಳಲ್ಲಿ ಧೂಳು ಹೀರುವ ವ್ಯಾಕ್ಯೂಮ್ ಜೋಡಿಸದ ಉಜ್ಜುವ ಯಂತ್ರಕ್ಕೆ ಪ್ರವೇಶವಿಲ್ಲ. ನೆಲಕ್ಕೆ ತಾಡಪಾಲು ಹಾಸಬೇಕು. ನೀರು ಹಾಕಿ ಉಜ್ಜಿದರೆ ಆ ಕೆಸರನ್ನು ಮತ್ತೆ ಸಮುದ್ರಕ್ಕೆ ಬಿಡದೆ ಒಟ್ಟುಮಾಡಬೇಕು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು, ಏಕೆಂದರೆ ಅದರ ಮಡಿಕೆಗಳಲ್ಲಿರುವ ಸೀಸ ಮಕ್ಕಳ ರಕ್ತ ಸೇರುತ್ತದೆ.

ಇನ್ನು ಮುಖವಾಡ. ಮುಖಕ್ಕೆ ಕಟ್ಟಿದ ಕರವಸ್ತ್ರ ಈ ಸಣ್ಣ ಪುಡಿಯನ್ನು ತಡೆಯಲಾರದು. ಫಿಲ್ಟರ್ ಇರುವ ಮುಖವಾಡ ಬೇಕು, ಅದು ಚರ್ಮಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಕೂರುವುದಿಲ್ಲ, ಅಂಚಿನಿಂದ ಧೂಳು ನುಗ್ಗುತ್ತದೆ. ಹಾಗಾದರೆ ಧರ್ಮಕ್ಕಾಗಿ ಗಡ್ಡ ಬಿಟ್ಟವನು ಕೆಲಸ ಬಿಡಬೇಕೆ, ಗಡ್ಡ ತೆಗೆಯಬೇಕೆ? ಎರಡೂ ಬೇಡ. ತಲೆಯನ್ನೇ ಮುಚ್ಚಿ, ಸಣ್ಣ ಫ್ಯಾನಿನಿಂದ ಶುದ್ಧ ಗಾಳಿ ಕೊಡುವ ಸಡಿಲ ಹುಡ್‌ಗಳಿವೆ. ಬೆಲೆ ಹೆಚ್ಚು. ಆ ಬೆಲೆಯನ್ನು ಕೊಡಬೇಕಾದವನು ಕೂಲಿಯವನಲ್ಲ, ಕೆಲಸ ಕೊಟ್ಟವನು.

ಯಾರೂ ಇನ್ನೊಬ್ಬರಿಗೆ ಹಾನಿ ಮಾಡಬಾರದು, ಹಾನಿಗೆ ಪ್ರತಿಹಾನಿಯೂ ಸಲ್ಲದು ಎಂಬುದು ಇಸ್ಲಾಮಿ ಧರ್ಮಶಾಸ್ತ್ರದ ಮೂಲ ಸೂತ್ರಗಳಲ್ಲೊಂದು. ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಪ್ರವಾದಿವಚನವನ್ನು ನಾವು ವೇದಿಕೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟು ಉಸಿರನ್ನು ಕಿತ್ತುಕೊಂಡರೆ ಲೆಕ್ಕ ಚುಕ್ತಾ ಆಗುವುದೆ? ಈ ಮಾತು ದೋಣಿಗೆ ಮಾತ್ರವಲ್ಲ. ಈದ್‌ಗೋ ದೀಪಾವಳಿಗೋ ಮನೆಗೆ ಬಣ್ಣ ಹೊಡೆಸುವಾಗ ಹಳೆಯ ಕಿಟಕಿಯನ್ನು ಒಣದಾಗಿ ಉಜ್ಜುತ್ತಿರುವ ಹುಡುಗನೂ ಅದೇ ಧೂಳಿನಲ್ಲಿ ನಿಂತಿದ್ದಾನೆ. ಅವನಿಗೆ ಚಹಾ ಕೊಡುವುದು ನಮಗೆ ಗೊತ್ತು. ಜೊತೆಗೆ ಒಂದು ಬಕೆಟ್ ನೀರು, ಎರಡು ಹಾಳೆ ವಾಟರ್ ಪೇಪರ್, ಒಂದು ಸರಿಯಾದ ಮುಖವಾಡವನ್ನೂ ಕೊಡೋಣ.