ತಂತಿ ಹರಿದಾಗ ಒಲೆ ನೆನಪಾಯಿತು

ನಮ್ಮೂರುಗಳಲ್ಲಿ ಕರೆಂಟು ಹೋದರೆ ದೀಪ ಆರುತ್ತದೆ, ಫ್ಯಾನು ನಿಲ್ಲುತ್ತದೆ. ಮನೆಮಂದಿ ಗಾಳಿಗೆಂದು ಜಗಲಿಗೆ ಬಂದು ಕೂರುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಜನವರಿಯ ನಡು ಚಳಿಗಾಲದಲ್ಲಿ ಕರೆಂಟು ಹೋದರೆ? ಅಲ್ಲಿ ಹೊರಗೆ ಬಂದು ಕೂರುವಂತಿಲ್ಲ. ನೀರು ಕಲ್ಲಾಗುವ ಚಳಿ. ಒಳಗೆ ಕೋಣೆ ಬೆಚ್ಚಗಿಡುತ್ತಿದ್ದ ಹೀಟರ್ ತಣ್ಣಗಾಗಿರುತ್ತದೆ. 1998ರ ಜನವರಿಯಲ್ಲಿ ಲಕ್ಷಾಂತರ ಕುಟುಂಬಗಳು ಈ ಸಂಕಟಕ್ಕೆ ಸಿಕ್ಕಿದವು. ಕೆಲವರಿಗೆ ಅದು ಒಂದೆರಡು ದಿನದ ಪಾಡು. ಕೆಲವರಿಗೆ ಸುಮಾರು ಒಂದು ತಿಂಗಳ ಪಾಡು.

ಹಿಮವಲ್ಲ, ಮಳೆ

ಕ್ವಿಬೆಕ್‌ನ ಜನರಿಗೆ ಹಿಮಪಾತ ಹೊಸದಲ್ಲ. ಮೊಣಕಾಲೆತ್ತರದ ಹಿಮವನ್ನು ಸಲಿಕೆಯಿಂದ ಎತ್ತಿಹಾಕಿ ಕೆಲಸಕ್ಕೆ ಹೋಗುವುದು ಅವರಿಗೆ ರೂಢಿ. ಆದರೆ ಆ ವರ್ಷ ಜನವರಿ 5ರಿಂದ 10ರವರೆಗೆ ಸುರಿದದ್ದು ಹೆಚ್ಚಾಗಿ ಮಳೆ. ಮೆಕ್ಸಿಕೊ ಕೊಲ್ಲಿಯಿಂದ ಬಂದ ಬೆಚ್ಚನೆಯ ತೇವದ ಗಾಳಿ ಮೇಲೆ ಹರಡಿತ್ತು. ಸೇಂಟ್ ಲಾರೆನ್ಸ್ ನದಿಯ ಕಣಿವೆಯಲ್ಲಿ, ನೆಲಕ್ಕೆ ಅಂಟಿದಂತೆ, ಉತ್ತರದ ಕೊರೆಯುವ ಗಾಳಿ ಕುಳಿತಿತ್ತು. ಮೇಲಿನ ಪದರದಿಂದ ಹನಿಯಾಗಿ ಇಳಿದ ಮಳೆ ಕೆಳಗಿನ ಪದರ ದಾಟುವಾಗ ಶೂನ್ಯ ಡಿಗ್ರಿಗಿಂತ ತಣ್ಣಗಾದರೂ ನೀರಾಗಿಯೇ ಉಳಿಯಿತು. ಯಾವುದಕ್ಕಾದರೂ ತಾಗಿದ ಕ್ಷಣವೇ ಗಡ್ಡೆಯಾಯಿತು. ಕೊಂಬೆ, ಸೂರು, ತಂತಿ ಎಲ್ಲದರ ಮೇಲೂ ಪದರದ ಮೇಲೆ ಪದರ ಬೆಳೆಯಿತು.

ಮಾಂಟ್ರಿಯಲ್ ನಗರವನ್ನು 1961ರಲ್ಲಿ ಕಾಡಿದ್ದ ಇಂಥದೇ ಮಳೆಯ ಪ್ರಮಾಣ 30ರಿಂದ 40 ಮಿಲಿಮೀಟರ್. ಈ ಬಾರಿ ಅದು ಸುಮಾರು 100 ಮಿಲಿಮೀಟರ್! ಬೆರಳು ಗಾತ್ರದ ತಂತಿಗಳು ತೋಳಿನ ಗಾತ್ರಕ್ಕೆ ಊದಿದವು. ಭಾರ ತಾಳಲಾರದೆ ಒಂದು ಗೋಪುರ ಉರುಳಿದರೆ, ಅದರ ತಂತಿಯ ಎಳೆತಕ್ಕೆ ಪಕ್ಕದ್ದೂ ಉರುಳುತ್ತಿತ್ತು. ನೂರಾರು ಉಕ್ಕಿನ ಗೋಪುರಗಳು, ಸುಮಾರು 30 ಸಾವಿರ ಮರದ ಕಂಬಗಳು ನೆಲಕಚ್ಚಿದವು. ಕೆನಡಾದಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಕತ್ತಲಲ್ಲಿ ಉಳಿದರು. ಮಾಂಟ್ರಿಯಲ್‌ನ ದಕ್ಷಿಣಕ್ಕಿರುವ ಸೇಂಟ್ ಯಾಸಾಂತ್, ಗ್ರಾನ್‌ಬಿ, ಸೇಂಟ್ ಜಾನ್ ಪಟ್ಟಣಗಳ ನಡುವಿನ ಪ್ರದೇಶಕ್ಕೆ ‘ಕಪ್ಪು ತ್ರಿಕೋನ’ ಎಂಬ ಹೆಸರೇ ಬಂತು.

ಹೆಮ್ಮೆಯ ಬೆಲೆ

ಇಷ್ಟೊಂದು ಮನೆಗಳು ಒಂದೇ ಏಟಿಗೆ ತಣ್ಣಗಾದದ್ದೇಕೆ? ಉತ್ತರ ಪ್ರಾಂತ್ಯದ ರಾಜಕೀಯ ಇತಿಹಾಸದಲ್ಲಿದೆ. 1962ರ ಚುನಾವಣೆಯಲ್ಲಿ ಜಾನ್ ಲೆಸಾಜ್ ನಾಯಕತ್ವದ ಲಿಬರಲ್ ಪಕ್ಷ ‘ನಮ್ಮ ಮನೆಗೆ ನಾವೇ ಯಜಮಾನರು’ ಎಂಬ ಘೋಷಣೆಯೊಂದಿಗೆ ಜನರ ಮುಂದೆ ಹೋಯಿತು. ಖಾಸಗಿ ವಿದ್ಯುತ್ ಕಂಪೆನಿಗಳನ್ನು ಸರ್ಕಾರಿ ಸಂಸ್ಥೆಯಾದ ಹೈಡ್ರೊ ಕ್ವಿಬೆಕ್‌ಗೆ ಸೇರಿಸುವುದು ಅದರ ಮುಖ್ಯ ಭರವಸೆ. ಪಕ್ಷ ಗೆದ್ದಿತು, ಮಾತು ಉಳಿಸಿಕೊಂಡಿತು. ಉತ್ತರದ ದೂರದ ನದಿಗಳಿಗೆ ಅಣೆಕಟ್ಟುಗಳು ಬಂದವು. 1965ರಲ್ಲಿ ಜಗತ್ತಿನ ಮೊದಲ 735 ಕಿಲೊವೋಲ್ಟ್ ಮಾರ್ಗ ಅಲ್ಲಿ ಚಾಲನೆಗೊಂಡಿತು.

1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಸ್ವಂತ ನದಿಯ ಅಗ್ಗದ ವಿದ್ಯುತ್ತು ಇನ್ನಷ್ಟು ಆಕರ್ಷಕವಾಯಿತು. ಎಣ್ಣೆಯ ಕುಲುಮೆಗಳು ಹೋಗಿ ಗೋಡೆಯಂಚಿಗೆ ವಿದ್ಯುತ್ ಹೀಟರ್‌ಗಳು ಬಂದವು. ಹೊಗೆಯಿಲ್ಲ, ಬೂದಿಯಿಲ್ಲ, ಕಟ್ಟಿಗೆ ಒಡೆಯುವ ಶ್ರಮವಿಲ್ಲ. 1998ರ ಹೊತ್ತಿಗೆ ಬಹುಪಾಲು ಮನೆಗಳ ಬೆಚ್ಚನೆಯೆಲ್ಲ ಒಂದೇ ತಂತಿಗೆ ತೂಗಿಬಿದ್ದಿತ್ತು. ಮನೆಗೆ ಯಜಮಾನರಾಗಿದ್ದವರು ತಂತಿಗೆ ಅಧೀನರಾಗಿದ್ದರು.

ಒಂದೇ ಕೋಣೆಯ ಸಂಸಾರ

ಇಂಥ ಹೊತ್ತಿನಲ್ಲಿ ಕೈಹಿಡಿದದ್ದು ಹಳೆಯ ಕಟ್ಟಿಗೆ ಒಲೆ. ಅದನ್ನು ಕಿತ್ತೆಸೆಯದೆ ಉಳಿಸಿಕೊಂಡಿದ್ದ ಮನೆಗಳು ಸುತ್ತಲಿನವರಿಗೆಲ್ಲ ಛತ್ರಗಳಾದವು. ಅಜ್ಜ ಅಜ್ಜಿ, ಮಕ್ಕಳು, ನೆಂಟರು, ಅದುವರೆಗೆ ತಲೆಯಾಡಿಸುವಷ್ಟೇ ಪರಿಚಯವಿದ್ದ ನೆರೆಯವರು, ಎಲ್ಲರೂ ಒಲೆಯ ಸುತ್ತ ಹಾಸಿಗೆ ಹಾಸಿದರು. ಬಿಸಿ ಸೋರದಂತೆ ಉಳಿದ ಕೋಣೆಗಳ ಬಾಗಿಲಿಗೆ ಕಂಬಳಿ ತೂಗುಬಿಟ್ಟರು. ಕೊಳವೆಯೊಳಗೆ ನೀರು ಗಡ್ಡೆಕಟ್ಟಿ ಒಡೆಯದಿರಲೆಂದು ನಲ್ಲಿಯನ್ನು ಸಣ್ಣಗೆ ಹರಿಯಬಿಟ್ಟರು. ಬ್ಯಾಟರಿ ರೇಡಿಯೊ ಒಂದೇ ಹೊರಜಗತ್ತಿನ ಕಿಟಕಿ. ಪ್ರಾಂತ್ಯದ ಪ್ರಧಾನಿ ಲೂಸ್ಯಾಂ ಬೂಶಾರ್ ಮತ್ತು ಹೈಡ್ರೊ ಕ್ವಿಬೆಕ್‌ನ ಮುಖ್ಯಸ್ಥ ಆಂದ್ರೆ ಕಾಯೆ ದಿನವೂ ಪತ್ರಿಕಾಗೋಷ್ಠಿ ನಡೆಸಿ ಎಲ್ಲಿ ಏನಾಗಿದೆಯೆಂದು ತಿಳಿಸುತ್ತಿದ್ದರು.

ಹಳ್ಳಿಗಳ ಕಷ್ಟ ಇನ್ನೊಂದು ಬಗೆಯದು. ಹಸುಗಳಿಗೆ ಕರೆಂಟು ಹೋದದ್ದು ತಿಳಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಹಾಲು ಕರೆಯಲೇಬೇಕು. ರೈತರು ಒಂದೇ ಜನರೇಟರನ್ನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಸಾಗಿಸಿ ಸರದಿಯಲ್ಲಿ ಕರೆದರು. ಸಾಗಿಸಲಾಗದ ಹಾಲನ್ನು ಚೆಲ್ಲಬೇಕಾಯಿತು. ಬೂಶೆರ್ವಿಲ್ ಪಟ್ಟಣದಲ್ಲಿ ಒಂದು ಡೀಸೆಲ್ ರೈಲು ಎಂಜಿನ್ನನ್ನೇ ಹಳಿಯಿಂದ ಇಳಿಸಿ, ಬೀದಿಯಲ್ಲಿ ನಡೆಸಿ ತಂದು, ಪುರಭವನಕ್ಕೆ ವಿದ್ಯುತ್ ಪಡೆದರು.

ಆದರೆ ಎಲ್ಲ ಮನೆಯಲ್ಲೂ ಒಲೆಯಿರಲಿಲ್ಲ. ಸುಮಾರು ಒಂದು ಲಕ್ಷ ಜನ ಶಾಲೆ ಮತ್ತಿತರ ಕಟ್ಟಡಗಳಲ್ಲಿ ತೆರೆದ ಆಶ್ರಯ ಕೇಂದ್ರಗಳಿಗೆ ಹೋದರು. ಸ್ವಂತ ಮನೆ ಬಿಡಲೊಪ್ಪದ ವೃದ್ಧರನ್ನು ಒಲಿಸಲು ಸೈನಿಕರು ಮನೆಮನೆಗೆ ಹೋದರು. ಸುಮಾರು 16 ಸಾವಿರ ಯೋಧರು ನೆರವಿಗೆ ಇಳಿದಿದ್ದರು. ಚಳಿ ತಡೆಯಲಾರದೆ ಕೆಲವರು ಅಂಗಳದಲ್ಲಿ ಅಡುಗೆಗೆ ಬಳಸುವ ಇದ್ದಿಲು ಒಲೆಯನ್ನು ಮುಚ್ಚಿದ ಮನೆಯೊಳಗೆ ಹೊತ್ತಿಸಿದರು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಈ ವಿಷಾನಿಲ, ಚಳಿ ಮತ್ತು ಅಪಘಾತಗಳಿಗೆ ಕೆನಡಾದಲ್ಲಿ 25ಕ್ಕೂ ಹೆಚ್ಚು ಜನ ಬಲಿಯಾದರು.

ಉಳಿದ ಗುರುತು

ಫೆಬ್ರವರಿ ಮೊದಲ ವಾರದ ಹೊತ್ತಿಗೆ ಕೊನೆಯ ಮನೆಗಳಲ್ಲಿ ದೀಪ ಬೆಳಗಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಾಂಟ್ರಿಯಲ್‌ನ ಸಂಶೋಧಕಿ ಸೂಝನ್ ಕಿಂಗ್ ಮತ್ತು ಸಂಗಡಿಗರು ಆ ದಿನಗಳಲ್ಲಿ ಗರ್ಭಿಣಿಯಾಗಿದ್ದ ಅಥವಾ ಸ್ವಲ್ಪದರಲ್ಲೇ ಗರ್ಭಿಣಿಯಾದ ಮಹಿಳೆಯರನ್ನು ಗುರುತಿಸಿ, ಅವರ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ತಾಯಿ ಎಷ್ಟು ದಿನ ಕತ್ತಲಲ್ಲಿದ್ದಳು, ಎಷ್ಟು ಕಷ್ಟಪಟ್ಟಳು ಎಂಬುದಕ್ಕೂ ಮಗುವಿನ ಭಾಷೆ, ಬುದ್ಧಿಶಕ್ತಿಯ ಪರೀಕ್ಷೆಗಳ ಅಂಕಗಳಿಗೂ ಸಂಬಂಧವಿರುವುದು ಕಂಡುಬಂತು. ಇನ್ನೂ ಹುಟ್ಟದ ಮಕ್ಕಳೂ ಆ ಚಳಿಯ ಪಾಲುದಾರರಾಗಿದ್ದರು.

ಹೈಡ್ರೊ ಕ್ವಿಬೆಕ್ ಸುಮ್ಮನೆ ಕೂರಲಿಲ್ಲ. ಸಾಲುಸಾಲಾಗಿ ಉರುಳುವುದನ್ನು ತಡೆಯಲು ನಡುನಡುವೆ ಹೆಚ್ಚು ಗಟ್ಟಿಯಾದ ಗೋಪುರಗಳನ್ನು ನಿಲ್ಲಿಸಿತು. ತಂತಿಯನ್ನು ಬಿಸಿಮಾಡಿ ಮಂಜುಗಡ್ಡೆ ಕರಗಿಸುವ ಯಂತ್ರವನ್ನು ಲೆವಿ ಕೇಂದ್ರದಲ್ಲಿ ಸ್ಥಾಪಿಸಿತು. ಆದರೂ 2023ರ ಏಪ್ರಿಲ್‌ನಲ್ಲಿ ಮತ್ತೆ ಇಂಥ ಮಳೆ ಸುರಿದಾಗ 10 ಲಕ್ಷಕ್ಕೂ ಹೆಚ್ಚು ಗ್ರಾಹಕರ ಮನೆಗಳು ಕತ್ತಲಾದವು. ಈ ಸಲ ಹೆಚ್ಚಾಗಿ ಮುರಿದ ಕೊಂಬೆಗಳೇ ತಂತಿಗಳನ್ನು ಕೆಡವಿದ್ದವು.

ಹೊಗೆಯ ಮಾಲಿನ್ಯ ತಡೆಯಲು ಮಾಂಟ್ರಿಯಲ್ ನಗರಾಡಳಿತ 2018ರಿಂದ ಹೆಚ್ಚು ಹೊಗೆಯುಗುಳುವ ಕಟ್ಟಿಗೆ ಒಲೆಗಳ ಬಳಕೆಯನ್ನು ನಿಷೇಧಿಸಿದೆ. ಊರಿನ ಗಾಳಿಗೆ ಅದು ಒಳ್ಳೆಯದೇ. ಆದರೆ ಆ ನಿಯಮದಲ್ಲೇ ಒಂದು ವಿನಾಯಿತಿಯಿದೆ: ಮೂರು ಗಂಟೆಗಿಂತ ಹೆಚ್ಚು ಹೊತ್ತು ಕರೆಂಟು ಹೋದರೆ ಯಾವ ಒಲೆಯನ್ನಾದರೂ ಹೊತ್ತಿಸಬಹುದು. 1998ರ ಆ ರಾತ್ರಿಗಳನ್ನು ಒಲೆಯ ಸುತ್ತ ಕಳೆದವರಿಗೆ ಈ ವಿನಾಯಿತಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.