ಗ್ರಾಮದೂರವಾಣಿಯ ಅಭಯವೂ ಅಡವಿಯಂಚಿನ ಹಾಡಿಗಳೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳು ಒಂದೇ ಉಪವಿಭಾಗದ ಆಡಳಿತಕ್ಕೆ ಒಳಪಟ್ಟ ನೆರೆಹೊರೆಯ ತಾಲ್ಲೂಕುಗಳೇ ಆದರೂ, ಕಾವೇರಿಯ ನಾಲೆಗಳಿಂದ ಹಸುರಾದ ಕೃಷ್ಣರಾಜನಗರದ ಬತ್ತದ ಬಯಲಿಗೂ, ಹೊಗೆಸೊಪ್ಪು ಬೆಳೆಯುವ ಹುಣಸೂರು ಪಿರಿಯಾಪಟ್ಟಣಗಳ ಕೆಮ್ಮಣ್ಣಿನ ಹೊಲಗಳಿಗೂ, ನಾಗರಹೊಳೆಯ ಅಡವಿಯಂಚಿನಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಯರವರೂ ಬಾಳುವ ಹಾಡಿಗಳಿಗೂ ಇರುವ ಅಂತರವು ಅಲ್ಪವಾದುದಲ್ಲ. ಹಳ್ಳಿಗೆ ದೂರವಾಣಿಯನ್ನು ಒದಗಿಸುವೆನೆಂದು ಸರ್ಕಾರವು ಕೊಟ್ಟ ಅಭಯವು ಈ ಅಂತರವನ್ನು ಬಹುಕಾಲ ಗಣಿಸಲಿಲ್ಲ.

ಮೊದಲು ದೇಶದ ಭೂಪಟವನ್ನು ಐದು ಕಿಲೋಮೀಟರು ಭುಜವುಳ್ಳ ಷಟ್ಕೋನಗಳನ್ನಾಗಿ ವಿಭಜಿಸಿ, ಒಂದೊಂದಕ್ಕೂ ಒಂದೊಂದು ಸಾರ್ವಜನಿಕ ದೂರವಾಣಿಯೆಂದು ನಿಶ್ಚಯಿಸಿದರು. ಆದರೆ ಕಬಿನಿಯ ಹಿನ್ನೀರೂ ಆನೆಗಳ ಹಾದಿಯೂ ಅಡ್ಡಬಿದ್ದಲ್ಲಿ ಕಾಗದದ ಐದು ಕಿಲೋಮೀಟರು ಕಾಲ್ನಡೆಯವನಿಗೆ ಎಷ್ಟಾಗುವುದೆಂಬುದನ್ನು ಆ ರೇಖಾಗಣಿತವು ವಿಚಾರಿಸಲಿಲ್ಲ. 1986ರಲ್ಲಿ ನಮ್ಮ ನಾಡಿನ ಕಿತ್ತೂರಿನಲ್ಲಿಯೇ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ಹವಾನಿಯಂತ್ರಣವನ್ನು ಬೇಡದೆ ಬಿಸಿಲು ಧೂಳುಗಳನ್ನು ತಾಳಬಲ್ಲ 128 ಮಾರ್ಗಗಳ ಗ್ರಾಮೀಣ ವಿನಿಮಯ ಕೇಂದ್ರವನ್ನು ಸ್ಥಾಪಿಸಿತು. ಸ್ವದೇಶೀ ಬುದ್ಧಿಯ ಈ ಸಾಧನೆಯನ್ನು ಎಷ್ಟು ಕೊಂಡಾಡಿದರೂ ಸಾಲದು. 1994ರ ದೂರಸಂಪರ್ಕ ನೀತಿಯು 1997ರೊಳಗೆ ಎಲ್ಲ ಗ್ರಾಮಗಳಿಗೂ ದೂರವಾಣಿಯೆಂದು ವಚನವಿತ್ತಿತು. ಆ ಅವಸರದಲ್ಲಿ ಹಳ್ಳಿಹಳ್ಳಿಗಳಲ್ಲಿ ನೆಟ್ಟ ರೇಡಿಯೋ ದೂರವಾಣಿಗಳು ದುರಸ್ತಿಗೆ ನಿಲುಕದೆ ಮೂಕವಾಗಿ, ಮುಂದೆ ದೇಶಾದ್ಯಂತ ಅಂತಹ ಲಕ್ಷಕ್ಕೂ ಮೀರಿದ ದೂರವಾಣಿಗಳನ್ನು ಬದಲಾಯಿಸಬೇಕಾಯಿತು. ಸ್ಥಾಪನೆಯನ್ನು ಎಣಿಸಿದವರು ಧ್ವನಿಯನ್ನು ಎಣಿಸಿರಲಿಲ್ಲ.

2002ರ ಏಪ್ರಿಲ್ 1ರಿಂದ ಹಳ್ಳಿಯ ದೂರವಾಣಿಗೆ ಹಣ ಒದಗಿಸುವ ಸಾರ್ವತ್ರಿಕ ಸೇವಾ ನಿಧಿಯು ಜಾರಿಗೆ ಬಂದು, ದೂರಸಂಪರ್ಕ ಕಂಪನಿಗಳ ಸರಿಹೊಂದಿಸಿದ ಒಟ್ಟು ಆದಾಯದ ಶೇಕಡಾ 5ರಷ್ಟು ಅದಕ್ಕೆ ಸಲ್ಲುವಂತಾದುದು, 2003ರ ತಿದ್ದುಪಡಿಯಿಂದ ಅದಕ್ಕೆ ಶಾಸನದ ಬಲ ದೊರೆತುದು, ನಿಜವಾದ ಸುಧಾರಣೆ. ಆದರೂ 2005ರ ಭಾರತ ನಿರ್ಮಾಣ ಯೋಜನೆಯು 66,822 ಗ್ರಾಮಗಳನ್ನು ಲೆಕ್ಕಕ್ಕೆ ಹಿಡಿಯುವಾಗ ನೂರಕ್ಕಿಂತ ಕಡಿಮೆ ಜನರುಳ್ಳ ಊರುಗಳನ್ನೂ ದಟ್ಟಾರಣ್ಯದಲ್ಲಿರುವ ಊರುಗಳನ್ನೂ ಹೊರಗಿಟ್ಟಿತು. ಕಾಡಿನ ನಡುವೆ ಹಾವು ಕಚ್ಚಿದವನಿಗೆ, ಹೆರಿಗೆಯ ನೋವಿನಲ್ಲಿ ಬಳಲುವವಳಿಗೆ ದೂರವಾಣಿಯ ಅಗತ್ಯ ಪಟ್ಟಣಿಗನಿಗಿಂತ ಹೆಚ್ಚಲ್ಲವೇ? ಅತ್ಯಂತ ಅವಶ್ಯಕವಾದಲ್ಲಿಯೇ ಅಭಯವನ್ನು ಹಿಂತೆಗೆದುಕೊಂಡ ಆ ವಿನಾಯಿತಿಯನ್ನು ನಾನು ಅನ್ಯಾಯವೆಂದೇ ಕರೆಯುವೆನು. ಗ್ರಾಮದೂರವಾಣಿಗಾಗಿ ಆ ನಿಧಿಯಿಂದ ಆದ 2009ರ ಒಪ್ಪಂದಗಳು ಆ ವಿನಾಯಿತಿಯನ್ನು ಕೈಬಿಟ್ಟವು. ಆದರೆ ಎಣಿಕೆಗೆ ಆಧಾರ ಜನಗಣತಿಯ ಗ್ರಾಮವೇ ಆಗಿದ್ದುದರಿಂದ, ಕಂದಾಯ ಗ್ರಾಮವೆಂಬ ಮನ್ನಣೆಯಿಲ್ಲದ ಹಾಡಿಯು ಪಟ್ಟಿಯ ಹೊರಗೇ ಉಳಿಯಬಹುದಾಗಿತ್ತು.

2023ರ ದೂರಸಂಪರ್ಕ ಕಾಯಿದೆಯು ಆ ನಿಧಿಗೆ ಡಿಜಿಟಲ್ ಭಾರತ್ ನಿಧಿಯೆಂಬ ಹೊಸ ಹೆಸರನ್ನಿತ್ತಿತು. ಹೆಸರಿಗಿಂತ ಮುಖ್ಯವಾದುದು ಅದೇ ವರ್ಷದ ನವೆಂಬರಿನಲ್ಲಿ ಆರಂಭವಾದ ಪಿಎಂ-ಜನ್‌ಮನ್ ಯೋಜನೆ: ಜೇನುಕುರುಬರೂ ಸೇರಿದಂತೆ ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೊಬೈಲ್ ಗೋಪುರಗಳನ್ನು ಒದಗಿಸುವಾಗ ಅದು ಲೆಕ್ಕಕ್ಕೆ ಹಿಡಿಯುವುದು ಗ್ರಾಮವನ್ನಲ್ಲ, ಜನವಸತಿಯನ್ನು.