ಬೇವಿನೆಣ್ಣೆಯಲ್ಲಿ ಹೊಸತೇನು?

ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಚಿಂತೆ. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಶಿಲೀಂಧ್ರದಿಂದ ಹರಡುವ ಈ ರೋಗವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ದ್ರಾವಣ ಕಾಯಿಯ ಮೇಲೆ ತೆಳುವಾದ ಲೇಪವಾಗಿ ಕುಳಿತು ರೋಗವನ್ನು ತಡೆಯುತ್ತದೆ.

ಈ ಮಿಶ್ರಣದ ಹುಟ್ಟೂ ಸ್ವಾರಸ್ಯಕರ. ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ಫ್ರಾನ್ಸಿನ ರೈತರು ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದರು. ಅಂಥ ಬಳ್ಳಿಗಳಿಗೆ ರೋಗ ತಗುಲದ್ದನ್ನು ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆಂದು ಬಳಿದದ್ದು ರೋಗಕ್ಕೂ ಮದ್ದೆಂಬುದು ಯಾರಿಗೂ ಸುಲಭವಾಗಿ ಹೊಳೆಯುವ ಮಾತಾಗಿರಲಿಲ್ಲ.

ಪೇಟೆಂಟ್ ಕಾನೂನು ಕೇಳುವುದೂ ಇದನ್ನೇ. ವಿಧಾನ ಹೊಸದಾಗಿದ್ದರೆ ಸಾಲದು. ಆ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯುವಂತಿರಬಾರದು. ಈ ಪರೀಕ್ಷೆಯಲ್ಲಿ ಸೋತದ್ದು ಬೇವಿನೆಣ್ಣೆಯ ಪೇಟೆಂಟ್.

ಬೇವಿನೆಣ್ಣೆಯನ್ನು ನೀರಿನೊಡನೆ ಬೆರೆಸಿ ಗಿಡಗಳಿಗೆ ಸಿಂಪಡಿಸಿ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿ ಮತ್ತು ಅಲ್ಲಿನ ಕೃಷಿ ಇಲಾಖೆಗೆ 1994ರಲ್ಲಿ ಯುರೋಪಿನ ಪೇಟೆಂಟ್ ದೊರೆಯಿತು. ಇದೇ ಗ್ರೇಸ್, ಪಿ.ಜೆ. ಮಾರ್ಗೋ ಸಂಸ್ಥೆಯೊಡಗೂಡಿ ತುಮಕೂರಿನಲ್ಲಿ ಬೇವಿನಬೀಜ ಸಂಸ್ಕರಣಾ ಘಟಕ ತೆರೆದಿತ್ತು. ವಂದನಾ ಶಿವ ಅವರ ಸಂಸ್ಥೆ, ಯುರೋಪ್ ಸಂಸತ್ತಿನ ಹಸಿರು ಪಕ್ಷ ಹಾಗೂ ಸಾವಯವ ಕೃಷಿ ಒಕ್ಕೂಟ 1995ರಲ್ಲಿ ಆಕ್ಷೇಪ ಸಲ್ಲಿಸಿದವು. ಅರ್ಜಿಗೆ ಮೊದಲೇ ಬೇವಿನ ಸಾರವನ್ನು ಶಿಲೀಂಧ್ರದ ವಿರುದ್ಧ ಬಳಸಿದ್ದಾಗಿ ಭಾರತದ ಕಾರ್ಖಾನೆಯೊಂದರ ವ್ಯವಸ್ಥಾಪಕರು ಸಾಕ್ಷ್ಯ ನುಡಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಕಂಪನಿಯ ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯಿತು. ಪೇಟೆಂಟಿನ ಆಯುಸ್ಸು 20 ವರ್ಷ. ಅದರಲ್ಲಿ ಅರ್ಧದಷ್ಟು ಕಾಲ ವಾದದಲ್ಲೇ ಕಳೆದಿತ್ತು.

ಬೇವು ರೋಗ ಕಳೆಯುತ್ತದೆಂಬುದು ನಮ್ಮ ಹಳ್ಳಿಗರಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೆ ವಿಚಾರಣೆಯಲ್ಲಿ ಇಷ್ಟು ಸಾಲದು. ಯಾರು, ಎಲ್ಲಿ, ಯಾವಾಗ ಎಂಬುದಕ್ಕೆ ದಾಖಲೆಯೋ ಸಾಕ್ಷಿಯೋ ಬೇಕು. ಸಾಂಪ್ರದಾಯಿಕ ಅರಿವಿನ ಡಿಜಿಟಲ್ ಗ್ರಂಥಾಲಯವನ್ನು ಭಾರತ 2001ರಲ್ಲಿ ಆರಂಭಿಸಿದ್ದು ಇದಕ್ಕಾಗಿಯೇ. ಅದು ಮುಖ್ಯವಾಗಿ ಆಯುರ್ವೇದದಂಥ ವೈದ್ಯಶಾಸ್ತ್ರಗಳ ಗ್ರಂಥಗಳನ್ನು ಆಧರಿಸಿದೆ. ಕೊಟ್ಟೆ ಕಟ್ಟುವ, ಮದ್ದು ಹೊಡೆಯುವ ಕೊನೆಗೌಡನ ಅರಿವು ಗ್ರಂಥದಲ್ಲಿಲ್ಲ; ಅದು ಅವನ ಕೈಯಲ್ಲಿದೆ. ಮರ ಹತ್ತುವವರೇ ಕಡಿಮೆಯಾಗುತ್ತಿರುವ ಮಲೆನಾಡಿನಲ್ಲಿ ಅದನ್ನು ಬರೆದಿಡುವ ಕೆಲಸ ಇನ್ನೂ ಬಾಕಿಯಿದೆ.